ನಡೆಸದೆ ಬ್ಯಾಗು ಕೊಡದ ಕಾಕ

ಕಾಕನ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಎಷ್ಟು ಒಳ್ಳೆಯ ಅಂಗಿ ತೊಟ್ಟರೂ ಅದು ಎಡಕ್ಕೆ ಜಾರಿ ಬೇರೆ ಯಾರದೋ ಅಂಗಿಯ ಹಾಗೆ ಕಾಣುತ್ತಿತ್ತು. ಅವರ ಫೋಟೊ ತೆಗೆಯುವವರು ತಮ್ಮ ಮೊಬೈಲೇ ಓರೆಯಾಗಿದೆ ಎಂದುಕೊಂಡು ಅದನ್ನು ನೆಟ್ಟಗೆ ಮಾಡಲು ಹೋಗುತ್ತಿದ್ದರು. ಹರೆಯದಲ್ಲಿ ಮಂಗಳೂರಿನ ಬಂದರು ಧಕ್ಕೆಯಲ್ಲಿ ಮೂಟೆ ಹೊತ್ತ ಹೆಗಲು ಅದು. ಆಮೇಲೆ ಕತಾರಿಗೆ ಬಂದು ಇಂಡಸ್ಟ್ರಿಯಲ್ ಏರಿಯಾದ ಗೋಡೌನಿನಲ್ಲಿ ಮತ್ತಷ್ಟು ಹೊತ್ತಿತು. ಉಮ್ಮ್ ಸಲಾಲಿನ ನಮ್ಮ ಅಂಗಡಿಗೆ ಬರುವ ಹೊತ್ತಿಗೆ ಇನ್ನು ಮೇಲೇಳುವುದಿಲ್ಲ ಎಂದು ಹಟ ಹಿಡಿದು ಕುಳಿತಿತ್ತು. ಹಟದಲ್ಲಿ ಅದು ತನ್ನ ಯಜಮಾನರನ್ನೇ ಹೋಲುತ್ತಿತ್ತು.

"ಹೆಗಲು ಹೊರ್ಲಿಕ್ಕೆ ಇರುವುದಲ್ಲ ಮಾರಾಯ, ಹಿಡ್ಕೊಳ್ಳಲಿಕ್ಕೆ. ಹೊರುವುದು ಸೊಂಟ" ಎನ್ನುವುದು ಅವರ ಮೊದಲ ಪಾಠ. ನಾನು ಕೆಲಸಕ್ಕೆ ಸೇರಿದ ದಿನ ಇದನ್ನು ಹೇಳಿದರು. ನನ್ನ ಸೊಂಟವನ್ನು ಒಮ್ಮೆ ನೋಡಿ, ನಿನಗೆ ಅದೂ ಇಲ್ಲವಲ್ಲ ಎಂದರು.

ನಮ್ಮದು ಶಿಕಾರಿ ಮತ್ತು ಮರುಭೂಮಿ ಕ್ಯಾಂಪಿನ ಸಾಮಾನಿನ ಅಂಗಡಿ. ಗುಡಾರ, ಗಾಳಿ ತುಂಬುವ ಹಾಸಿಗೆ, ಗಿಡುಗವನ್ನು ಕೂರಿಸಿಕೊಳ್ಳುವ ಕೈಗವಸು, ಬೂಟು, ಕೋವಿ ಹೊರುವ ಬ್ಯಾಗು. ಕೋವಿ ಮಾತ್ರ ಇಲ್ಲ. ಚಳಿಗಾಲ ಬರುತ್ತಿದ್ದಂತೆ ಇಲ್ಲಿಯವರು ಗುಡಾರ ಹಾಕಲು ಮರಳಿಗೆ ಹೊರಡುತ್ತಾರೆ. ದುಡ್ಡಿರುವ ಕೆಲವರು ಜಿಂಕೆ, ಕಾಡುಮೇಕೆಯ ಬೇಟೆಗೆಂದು ಹೊರದೇಶದ ಬೆಟ್ಟಗಳಿಗೆ ವಿಮಾನ ಹತ್ತುತ್ತಾರೆ. ಅವರಿಗೆ ಬ್ಯಾಗು ಬೇಕು. ನನ್ನ ಹುದ್ದೆಯ ಹೆಸರು ಸೇಲ್ಸ್ ಎಕ್ಸಿಕ್ಯುಟಿವ್. ಊರಿನಲ್ಲಿ ಅಮ್ಮ ಅದನ್ನು ಇಡೀ ಕೇರಿಗೆ ಹೇಳಿಕೊಂಡಿದ್ದಾಳೆ. ಮೊದಲ ಚಳಿಗಾಲವಿಡೀ ನಾನು ಮಾಡಿದ್ದು ಹಾಸಿಗೆಗೆ ಗಾಳಿ ಊದಿ ತೋರಿಸುವುದು, ಮತ್ತೆ ಗಾಳಿ ಬಿಟ್ಟು ಮಡಚುವುದು.

ಬ್ಯಾಗಿನ ಗೋಡೆ ಪೂರ್ತಿ ಕಾಕನ ರಾಜ್ಯ. ಅಲ್ಲಿ ಒಂದೇ ಕಾನೂನು: ನಡೆಯದವರಿಗೆ ಬ್ಯಾಗಿಲ್ಲ.

ಗಿರಾಕಿ ಒಂದು ಬ್ಯಾಗು ತೋರಿಸಿದರೆ ಕಾಕ ಅದನ್ನು ಕೆಳಗಿಳಿಸಿ ಮರಳು ತುಂಬಿದ ಅಕ್ಕಿಚೀಲವನ್ನು ಅದರೊಳಗೆ ಇಳಿಸುತ್ತಿದ್ದರು. ಆಮೇಲೆ ಮೂಲೆಯಿಂದ 'ಅಳಿಯ' ಬರುತ್ತಿದ್ದ. ಅಳಿಯ ಅಂದರೆ ಹಳೆಯ ಕಂಬಳಿ ಸುತ್ತಿದ ಕಬ್ಬಿಣದ ಪೈಪು. ದುರ್ಬೀನು ಹಾಕಿದ ಕೋವಿಯಷ್ಟೇ ಉದ್ದ, ಅಷ್ಟೇ ಭಾರ. ಜನ ನಿಜವಾದ ಕೋವಿ ಹಿಡಿದು ಅಂಗಡಿಗೆ ಬರುವಂತಿಲ್ಲವಲ್ಲ, ಹಾಗಾಗಿ ಈ ಏರ್ಪಾಡು. ಹೊಸ ಅಳಿಯ ಮನೆಗೆ ಬರುವಾಗ ಅವನನ್ನು ಎಲ್ಲಿ ಕೂರಿಸುವುದು ಅಂತ ಮೊದಲು ನೋಡಬೇಕು, ಉಳಿದ ನೆಂಟರೆಲ್ಲ ಆಮೇಲೆ ಎಂದು ಕಾಕ ಹೇಳುತ್ತಿದ್ದರು. ಬ್ಯಾಗೂ ಹಾಗೆಯೇ. ಮೊದಲು ಕೋವಿಯ ಜಾಗ ನೋಡು, ಕಿಸೆ ಎಷ್ಟು, ಬಣ್ಣ ಯಾವುದು ಅಂತ ಆಮೇಲೆ ನೋಡು.

ಅಳಿಯನನ್ನು ಒಳಗೆ ಹಾಕುವ ಮೊದಲು ಕಾಕ ಪೈಪಿನ ಒಂದು ತುದಿಗೆ ಕಣ್ಣಿಟ್ಟು ಬೆಳಕಿನ ಕಡೆಗೆ ನೋಡಿ "ಖಾಲಿ" ಎನ್ನುತ್ತಿದ್ದರು. ಪ್ರತಿ ಸಲವೂ. ಪೈಪಿನಲ್ಲಿ ಗುಂಡು ಎಲ್ಲಿಂದ ಬರಬೇಕು ಕಾಕಾ ಎಂದು ನಾನು ಕೇಳಿದ್ದಕ್ಕೆ, ಪೈಪನ್ನು ನೋಡದವನು ಕೋವಿಯನ್ನೂ ನೋಡುವುದಿಲ್ಲ ಎಂದರು. ಆಮೇಲೆ ಪಟ್ಟಿ ಎಳೆದು, ಸೊಂಟದ ಬೆಲ್ಟು ಬಿಗಿದು, ಕೋವಿಯ ಎದುರು ಬದಿಗೆ ನೀರಿನ ಬಾಟಲಿ ಇಟ್ಟು ತೂಕ ಸರಿಮಾಡಿ, ಗಿರಾಕಿಯನ್ನು ಸರ್ವಿಸ್ ರೋಡಿನ ಕೊನೆಯ ತನಕ ಕಳಿಸುತ್ತಿದ್ದರು. ಹೋಗಿ ಬಂದ ಮೇಲೆಯೇ ಬಿಲ್ಲು. ಉದ್ದನೆಯ ಬಿಳಿ ನಿಲುವಂಗಿ ಥೋಬ್ ತೊಟ್ಟ ದೊಡ್ಡ ದೊಡ್ಡ ಮನುಷ್ಯರು ಕಂಬಳಿ ಸುತ್ತಿದ ಪೈಪು ಹೊತ್ತು ಲಾಂಡ್ರಿಯ ಮುಂದೆ, ಕ್ಯಾಫೆಟೀರಿಯಾದ ಮುಂದೆ ನಡೆದು ಹೋಗುತ್ತಿದ್ದರು. ಕೆಲವರು ಬೈದರು. ಹೆಚ್ಚಿನವರು ನಗುತ್ತ ಹೋಗಿ, ವಾಪಸು ಬರುವಾಗ ಬೇರೆ ಬ್ಯಾಗು ಕೇಳಿದರು.

ಇಷ್ಟೆಲ್ಲ ಹೇಳುವ ಕಾಕ ಜನ್ಮದಲ್ಲಿ ಬೇಟೆಯಾಡಿದವರಲ್ಲ. ಕೋವಿ ಮುಟ್ಟಿದವರೂ ಅಲ್ಲ. ಕೋಳಿ ಕೊಯ್ಯುವಾಗಲೂ ಆಚೆ ತಿರುಗುವ ಜನ ಎಂದು ಅವರ ರೂಮಿನವರೇ ಹೇಳುತ್ತಿದ್ದರು. ಆದರೆ ಮಾತಾಡುವಾಗ ಆಫ್ರಿಕದ ಅರ್ಧ ಕಾಡನ್ನು ತಾವೇ ಸೋಸಿದವರ ಗತ್ತು. ಜಿಂಕೆಯ ಬಗ್ಗೆ ಅವರು ಹೇಳಿದ್ದರಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಹೊರೆಯ ಬಗ್ಗೆ ಹೇಳಿದ್ದನ್ನು ಮಾತ್ರ ಅವರ ಹೆಗಲು ಪಕ್ಕದಲ್ಲೇ ನಿಂತು ಅನುಮೋದಿಸುತ್ತಿತ್ತು.

ನನಗೊಂದು ಚಾಳಿ ಉಂಟು. ಯಾರನ್ನು ಕಂಡರೂ ಅವರ ಹಾಗೆ ಮಾಡಿ ತೋರಿಸುವುದು. ವಿಮಾನದ ಗಗನಸಖಿ, ಬ್ಯಾಂಕಿನ ಫೋನಿನಲ್ಲಿ ಒಂದು ಒತ್ತಿ ಎರಡು ಒತ್ತಿ ಎನ್ನುವ ಹೆಂಗಸು, ಅರಬಿ ಬಾರದೆ ಕೈ ಬಾಯಿ ಎರಡೂ ತಿರುಗಿಸುವ ನಾನು, ಯಾರನ್ನೂ ಬಿಟ್ಟಿಲ್ಲ. ಒಂದು ಮಧ್ಯಾಹ್ನ ಕಾಕ ನಮಾಜಿಗೆ ಹೋಗಿದ್ದಾಗ ಎಡಹೆಗಲು ಇಳಿಸಿ, ಬಲಗಾಲು ಎಳೆದು, ಅಂಗಡಿಯ ಉದ್ದಕ್ಕೆ ಅವರ ನಡಿಗೆ ನಡೆದು ತೋರಿಸಿದೆ. ನಗುತ್ತಿದ್ದ ಅಂಗಡಿಯ ಹುಡುಗರು ಒಮ್ಮೆಲೇ ಹಾಸಿಗೆ ಮಡಚತೊಡಗಿದರು. ತಿರುಗಿದರೆ ಬಾಗಿಲಲ್ಲಿ ಕಾಕ.

ಅವರು ಚಪ್ಪಲಿ ಬಿಟ್ಟು, ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತು ಹೇಳಿದರು: "ಕಾಲು ಅಷ್ಟು ಎಳೆಯುವುದಿಲ್ಲ ನಾನು. ಹೆಗಲು ಸರಿ ಉಂಟು. ಇನ್ನೊಮ್ಮೆ ಮಾಡು ನೋಡುವಾ."

ಮಾಡಿದೆ. ಮೂರನೆಯ ಸಲ ಪಾಸಾದೆ. ಅಂದಿನಿಂದ ನನಗೆ ಬ್ಯಾಗಿನ ಗೋಡೆಯಲ್ಲಿ ಕೆಲಸ ಸಿಕ್ಕಿತು. ವೆಲ್ಕ್ರೋ ಅಂಟುಪಟ್ಟಿಯ ಮುಚ್ಚಳವಿರುವ ಬ್ಯಾಗನ್ನು ಯಾರಾದರೂ ಕೇಳಿದರೆ ಕಾಕ ನನ್ನತ್ತ ಗಲ್ಲ ಎತ್ತುವರು. ನಾನು ಆ ಪಟ್ಟಿ ಕಿತ್ತುಬರುವ 'ಕರ್ರ್ರ್' ಸದ್ದನ್ನು ಬಾಯಲ್ಲಿ ಹೊರಡಿಸುವೆ. ಕೂಡಲೇ ಕಿವಿ ನಿಮಿರಿಸಿ ನಿಂತ ಜಿಂಕೆಯಾಗುವೆ. ಮರುಕ್ಷಣ ಗುಡಾರಗಳ ಹಿಂದೆ ಓಡಿ ಮರೆಯಾಗುವೆ. ಕಾಕ ಗಿರಾಕಿಯ ಕಡೆ ತಿರುಗಿ "ಖಲಾಸ್. ಊಟಕ್ಕೆ ಬರೀ ರೊಟ್ಟಿ" ಎನ್ನುವರು. ನನ್ನ ಮಂಗಾಟಕ್ಕೆ ಅದಕ್ಕಿಂತ ಮೊದಲು ಯಾರೂ ಕೆಲಸ ಕೊಟ್ಟಿರಲಿಲ್ಲ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದರು ಅಷ್ಟೆ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ನಮ್ಮ ಮಂಗಳೂರು ಕಡೆಯವರೇ. ಕೆಟ್ಟವರೇನಲ್ಲ. ಹಬ್ಬಕ್ಕೆ ಎಲ್ಲರಿಗೂ ಬಿರಿಯಾನಿ ತರಿಸಿದ ಮನುಷ್ಯ. ಆದರೆ ಅವರ ಮೇಲೆ ಮಾಲೀಕರ ಟಾರ್ಗೆಟ್ ಇತ್ತು. ಬ್ಯಾಗು ಕೇಳಿ ಬಂದವರನ್ನು ರಸ್ತೆಯಲ್ಲಿ ನಡೆಸುವುದು ಅವರಿಗೆ ಕಸ್ಟಮರನ್ನು ಓಡಿಸುವ ಹೊಸ ವಿಧಾನವಾಗಿ ಕಂಡಿತು. ಎರಡು ಮೂರು ಸಲ ಒಳಗೆ ಕರೆದು ನಯವಾಗಿ ಹೇಳಿದರು. ಕಾಕ ತಲೆಯಾಡಿಸಿ ಹೊರಬಂದು ಮುಂದಿನ ಗಿರಾಕಿಗೆ ಮರಳು ತುಂಬಿದರು. ಆಗ ಮಾತು ಗಟ್ಟಿಯಾಯಿತು. ಇನ್ನೊಮ್ಮೆ ನಡೆಸಿದರೆ ವೀಸಾ ಕ್ಯಾನ್ಸಲ್, ಊರಿಗೆ ಟಿಕೆಟ್ ಎಂದರು. ಕಾಕನ ವಯಸ್ಸಿನವರಿಗೆ ಇಲ್ಲಿ ಯಾರೂ ಹೊಸ ವೀಸಾ ಕೊಡುವುದಿಲ್ಲ. ಹೋದರೆ ಹೋದ ಹಾಗೆ. ಈ ಅಂಗಡಿ, ರೂಮಿನ ಗೆಳೆಯರು, ಸಂಜೆಯ ಕರಕ್ ಚಾ, ಅರ್ಧ ಆಯುಷ್ಯ, ಎಲ್ಲ ಅಲ್ಲಿಗೆ ಮುಗಿಯಿತು. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಮಾರನೆಯ ವಾರ ಒಬ್ಬ ಯುವಕ ಬಂದ. ಇಸ್ತ್ರಿಯ ಗೆರೆ ಮುರಿಯದ ಥೋಬ್. ಹೊರಗೆ ಕಾರಿನ ಇಂಜಿನ್ ಚಾಲೂ ಇಟ್ಟೇ ಒಳಗೆ ಬಂದಿದ್ದ. ಎತ್ತರದ ಒಂದು ಕಪ್ಪು ಬ್ಯಾಗನ್ನು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದ. ಅದರಲ್ಲಿ ಕೋವಿ ಬೆನ್ನಿನ ನಡುವೆ ನೆಟ್ಟಗೆ ನಿಲ್ಲುತ್ತದೆ, ನಳಿಗೆ ತಲೆಗಿಂತ ಮೊಳದಷ್ಟು ಮೇಲೆ, ಮುಚ್ಚಳಕ್ಕೆ ಅಂಟುಪಟ್ಟಿ ಬೇರೆ. ನೋಡಲಿಕ್ಕೆ ಸಿನಿಮಾ ಹೀರೋ. ಎಲ್ಲಿಗೆ ಹೋಗುವುದು ಎಂದು ಕಾಕ ತಮ್ಮ ಅರಬಿಯಲ್ಲಿ ಕೇಳಿದರು. ದಟ್ಟ ಕಾಡಿನ ಬೆಟ್ಟ ಎಂದು ಅವನು ಹೇಳಿದ. ಕಾಕ ಅಕ್ಕಿಚೀಲಕ್ಕೆ ಕೈ ಹಾಕಿದರು. ಯುವಕ ವಾಚು ನೋಡಿ, ನಡೆಯುವುದಿಲ್ಲ ಎಂದ.

ಮ್ಯಾನೇಜರ್ ಕೌಂಟರಿನ ಹಿಂದಿನಿಂದ ನಗುಮುಖ ಸಡಿಲಿಸದೆ ಕನ್ನಡದಲ್ಲಿ ಹೇಳಿದರು: "ಕಾಕಾ, ಸುಮ್ನೆ ಬಿಲ್ ಮಾಡಿ."

"ಇದು ಕಾಡಿಗೆ ಆಗುವ ಬ್ಯಾಗಲ್ಲ. ನಡೆದು ನೋಡಿ ಆಮೇಲೆ ಬೇಕು ಅಂದ್ರೆ ಮಾಡ್ತೇನೆ."

"ನಾನು ಹೇಳಿದ್ದು ನೆನಪುಂಟಲ್ವಾ?"

"ಉಂಟು. ಅವರು ನಡೆಯುವುದಿಲ್ಲಾದ್ರೆ ನಾನೇ ನಡೆಯುತ್ತೇನೆ."

ಹಾಗೆಂದು ಕಾಕ ಮರಳಿನ ಚೀಲವನ್ನು ಆ ಕಪ್ಪು ಬ್ಯಾಗಿಗೆ ಇಳಿಸಿದರು. ಪೈಪಿಗೆ ಕಣ್ಣಿಟ್ಟು "ಖಾಲಿ" ಅಂದರು. ಅಳಿಯನನ್ನು ನಿಲ್ಲಿಸಿ, ಓರೆ ಹೆಗಲಿಗೆ ಬ್ಯಾಗು ಏರಿಸಿ ಬಾಗಿಲು ದಾಟಿದರು. ದಾಟುವಾಗಲೇ ಕಂಬಳಿಯಿಂದ ಹೊರಗೆ ಚಾಚಿದ ಪೈಪಿನ ತುದಿ ಮೇಲಿನ ಚೌಕಟ್ಟಿಗೆ ಬಡಿದು ಟಣ್ ಎಂದಿತು. ಲಾಂಡ್ರಿಯ ತಗಡಿನ ಮಾಡಿಗೆ ಟಣ್. ಕ್ಯಾಫೆಟೀರಿಯಾದ ಬೋರ್ಡಿಗೆ ಟಣ್. ಪ್ರತಿ ಸಲವೂ ನಿಂತು ತಿರುಗಿ ನಮ್ಮನ್ನು ನೋಡಿದರು, ಕೇಳಿತಾ ಎನ್ನುವ ಹಾಗೆ. ಚಾ ಕುಡಿಯುತ್ತಿದ್ದ ಮಲಯಾಳಿಗಳು ಲೋಟ ಹಿಡಿದುಕೊಂಡೇ ಹೊರಬಂದರು. ರಸ್ತೆಯ ಕೊನೆ ಮುಟ್ಟಿ ಬರುವಾಗ ಕಾಕನ ಬೆನ್ನು ಪೂರ್ತಿ ಒದ್ದೆ, ಉಸಿರು ಶಿಳ್ಳೆ ಹೊಡೆಯುತ್ತಿತ್ತು. ಅಂಗಡಿಯ ಮುಂದೆ ನಿಂತು ನನ್ನತ್ತ ಗಲ್ಲ ಎತ್ತಿದರು.

ಮ್ಯಾನೇಜರ್ ನನ್ನನ್ನು ನೋಡಿದರು. ನೀನೂ ಟಿಕೆಟ್ ತಗೊಳ್ತೀಯಾ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ನನ್ನ ವೀಸಾ, ಅಮ್ಮ, ಅವಳ ಕೇರಿ, ಎಲ್ಲವೂ ಒಮ್ಮೆ ಕಣ್ಣೆದುರು ಬಂದು ಹೋದವು. ಆಮೇಲೆ ನಾನು ಜನ್ಮದಲ್ಲಿ ಮಾಡಿರದಷ್ಟು ಉದ್ದವಾದ 'ಕರ್ರ್ರ್ರ್' ಹೊರಡಿಸಿದೆ. ಕಿವಿ ನಿಮಿರಿಸಿದೆ. ಓಡಿದೆ. ಗುಡಾರದ ಹಿಂದಿನಿಂದ ಒಂದು ಕಣ್ಣು ಮಾತ್ರ ಹೊರಹಾಕಿ ಮ್ಯಾನೇಜರ್ ಕಡೆ ನೋಡಿದೆ. ಜಿಂಕೆಯ ಪಾತ್ರಕ್ಕೆ ಅದೂ ಒಪ್ಪಿತು.

ಯುವಕ ಹೊಟ್ಟೆ ಹಿಡಿದು ನಕ್ಕ. ಕಾಕನ ಕೈ ಕುಲುಕಿದ. ಬೆನ್ನು ತಟ್ಟಿದ. ಆಮೇಲೆ ಅದೇ ಕಪ್ಪು ಬ್ಯಾಗನ್ನು ಪ್ಯಾಕ್ ಮಾಡಲು ಹೇಳಿದ.

"ಮಾಫಿ" ಎಂದರು ಕಾಕ, ಅರಬಿಯಲ್ಲಿ. ಇಲ್ಲ.

ಬಿಲ್ಲನ್ನು ಮ್ಯಾನೇಜರೇ ಮಾಡಿದರು. ಬ್ಯಾಗು ಕಾರು ಹತ್ತಿ ಹೋಯಿತು.

ಈ ಕತೆಗೆ ಮುಂದೆ ಒಂದು ಒಳ್ಳೆಯ ತಿರುವು ಇರಬೇಕಿತ್ತು. ಆ ಯುವಕ ಹೆಗಲು ನೋಯಿಸಿಕೊಂಡು, ನಳಿಗೆಯನ್ನು ಕೊಂಬೆಗೆ ಸಿಕ್ಕಿಸಿಕೊಂಡು ವಾಪಸು ಬಂದು ಕಾಕನಲ್ಲಿ ಕ್ಷಮೆ ಕೇಳಬೇಕಿತ್ತು. ನಾನು ಇಡೀ ಚಳಿಗಾಲ ಬಾಗಿಲು ನೋಡುತ್ತ ಕಾದೆ. ಬರಲಿಲ್ಲ. ಅವನಿಗೆ ಜಿಂಕೆ ಸಿಕ್ಕಿರಲೂಬಹುದು, ಬ್ಯಾಗು ಹಿತವಾಗಿದ್ದಿರಲೂಬಹುದು. ಕಾಕ ಹೇಳಿದ್ದೇ ಸರಿ ಎನ್ನುವುದಕ್ಕೆ ನನ್ನ ಕೈಯಲ್ಲಿ ಸಾಕ್ಷಿ ಇಲ್ಲ. ಬೇಕೂ ಇಲ್ಲ.

ಕಪ್ಪು ಬ್ಯಾಗು ಹೋದ ದಿನ ಸಂಜೆ ಮ್ಯಾನೇಜರ್ ಒಂದು ದಾರಿ ಬಿಟ್ಟುಕೊಟ್ಟರು. ಕಾಕನನ್ನು ಕಳಿಸಲು ಅವರಿಗೂ ಮನಸ್ಸಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇನ್ನು ನಡೆಸುವುದಿಲ್ಲ ಅಂತ ಒಂದು ಮಾತು ಹೇಳಿ ಕಾಕಾ, ಮಾಲೀಕರನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೆಚ್ಚುಕಡಿಮೆ ಬೇಡಿಕೊಂಡರು. ಕಾಕ ಅಂಗಿಯ ಕಾಲರನ್ನು ಎಡಕ್ಕೆ ಸರಿಸಿ ಹೆಗಲು ತೋರಿಸಿದರು. ಮೂಟೆಯ ಹಗ್ಗ ಕೂತಲ್ಲಿ ಚರ್ಮ ಕಪ್ಪಾಗಿ, ಹಳೆಯ ಚಪ್ಪಲಿಯ ಹಿಮ್ಮಡಿಯ ಹಾಗೆ ದಪ್ಪಗಟ್ಟಿತ್ತು.

"ಇದನ್ನು ನನ್ನ ಮೇಲೆ ಹೇರಿದವರು ಯಾರೂ, ಮೊದಲು ಸ್ವಲ್ಪ ನಡೆದು ನೋಡು ಅಂತ ಹೇಳ್ಲಿಲ್ಲ ಮಗಾ. ನಾನು ಹೇಳ್ತೇನೆ. ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಹೇಳುವುದಿಲ್ಲ ಅಂತ ಮಾತ್ರ ನನ್ನ ಬಾಯಿಂದ ಬರ್ಲಿಕ್ಕಿಲ್ಲ."

ಟಿಕೆಟ್ ಬಂತು. ಹೋಗುವ ದಿನ ನಾನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ. ಗಗನಸಖಿಯ ದನಿಯಲ್ಲಿ ಸೊಂಟದ ಬೆಲ್ಟು ಬಿಗಿದುಕೊಳ್ಳಿ ಎಂದೆ. ಕಾಕ ನಗಲಿಲ್ಲ. ಅಳಿಯನನ್ನು ಬಿಸಾಡಲು ಬಿಡಬೇಡ ಎಂದಷ್ಟೇ ಹೇಳಿ, ಚಕ್ರದ ಸೂಟ್‌ಕೇಸನ್ನು ಎಳೆಯುತ್ತ ಒಳಗೆ ಹೋದರು. ಹೊರುವುದಕ್ಕೆ ಅವರು ಏನನ್ನೂ ಇಟ್ಟುಕೊಂಡಿರಲಿಲ್ಲ.

ಕಾಕ ತೀರಿಕೊಂಡಾಗ ನಾನು ರಜೆಯಲ್ಲಿ ಊರಿನಲ್ಲಿದ್ದೆ. ಸುದ್ದಿ ಬಂದ ಕೂಡಲೇ ಬೈಕು ಹತ್ತಿ ಉಳ್ಳಾಲದ ಹತ್ತಿರದ ಅವರ ಮನೆಗೆ ಹೋದೆ. ಎಲ್ಲಿಗೆ ಹೋಗ್ತೀಯಾ, ಈಗಿನ ಕಾಲದಲ್ಲಿ ಅವರ ನಡುವೆ ನಿನಗೆಂತ ಕೆಲಸ ಎಂದು ನಮ್ಮ ಕೇರಿಯಲ್ಲಿ ಒಬ್ಬರು ಕೇಳಿದ್ದರು. ಅವರ ದನಿಯಲ್ಲೇ ಅದನ್ನು ಅವರಿಗೆ ತಿರುಗಿಸಿ ಹೇಳಿ ಗಾಡಿ ಸ್ಟಾರ್ಟ್ ಮಾಡಿದ್ದೆ. ಕಾಕನ ದೇಹ ಮಲಗಿಸಿದ ಮಯ್ಯತ್ತಿನ ಮಂಚ ಮಸೀದಿಯ ಕಡೆಗೆ ಹೊರಟಾಗ ನಾನು ಹಿಂದೆ ಹಿಂದೆಯೇ ನಡೆಯುತ್ತಿದ್ದೆ. ಕಾಕನ ಮಗ ತಿರುಗಿ ನೋಡಿ, ತನ್ನ ಜಾಗದಿಂದ ಸ್ವಲ್ಪ ಸರಿದು ನನ್ನ ಹೆಗಲಿಗೆ ಎಡೆ ಮಾಡಿಕೊಟ್ಟ. ನಾನು ಉದ್ದ, ಎದುರಿನವರು ಗಿಡ್ಡ. ಮಂಚ ವಾಲದಿರಲೆಂದು ಮೊಣಕಾಲು ಬಗ್ಗಿಸಿ, ಎಡಹೆಗಲು ಇಳಿಸಿ ನಡೆದೆ. ಆ ನಡಿಗೆ ನನಗೆ ಮೊದಲೇ ಬರುತ್ತಿತ್ತು. ಮೂರು ಸಲ ಪರೀಕ್ಷೆ ಬರೆದು ಪಾಸಾದದ್ದು. ಹೆಗಲು ಹೊರಲಿಕ್ಕೆ ಇರುವುದಲ್ಲ ಎಂದ ಮನುಷ್ಯನನ್ನು ಹೆಗಲ ಮೇಲೆಯೇ ಹೊತ್ತೆ. ಅವರ ಮಾತನ್ನು ನಾನು ಮೀರಿದ್ದು ಅದೊಂದೇ ಸಲ.

ಅಂಗಡಿಯಲ್ಲಿ ಈಗಲೂ ಅದೇ ಮ್ಯಾನೇಜರ್. ಗಿರಾಕಿಗಳನ್ನು ನಡೆಸಿದ್ದಕ್ಕೆ ನನಗೆ ಈಗಾಗಲೇ ಎರಡು ಎಚ್ಚರಿಕೆ ಸಿಕ್ಕಿದೆ. ಮೊನ್ನೆ ಅಲ್ ಶಮಾಲಿನಿಂದ ಒಬ್ಬ ಹಿರಿಯರು ಮಗನಿಗೆ ಬ್ಯಾಗು ಕೊಡಿಸಲು ಬಂದಿದ್ದರು. ಮಗ ಎತ್ತರದ ಕಪ್ಪು ಬ್ಯಾಗಿಗೆ ಬೆರಳು ತೋರಿಸಿದ. ಕೌಂಟರಿನ ಹಿಂದಿನಿಂದ ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ನಾನು ಮೂಲೆಗೆ ಹೋಗಿ ಕಂಬಳಿಯ ಧೂಳು ಕೊಡವಿ, ಪೈಪಿಗೆ ಕಣ್ಣಿಟ್ಟು ಬೆಳಕಿನ ಕಡೆ ನೋಡಿದೆ. ಪೈಪಿನ ಆ ಕೊನೆಯಲ್ಲಿ ಸಣ್ಣಗೆ, ದುಂಡಗೆ ಮ್ಯಾನೇಜರರ ಮುಖ ಕಾಣಿಸಿತು.

"ಖಾಲಿ" ಎಂದೆ, ಕಾಕನ ದನಿಯಲ್ಲಿ. ಆಮೇಲೆ ಅಪ್ಪ ಮಗ ಇಬ್ಬರಿಗೂ ಬಾಗಿಲು ತೆರೆದು ಹಿಡಿದೆ.

"ಯಲ್ಲಾ, ನಡೀರಿ."