ಬೀಗದಂಗಡಿಯವರ ಮನೆಯ ಬೀಗ

ಎದುರುಮನೆಯ ಬೀಗದಂಗಡಿಯವರು ಊರಿಗೆಲ್ಲ ಹೊಸ ಬೀಗ ಹಾಕಿಕೊಡುತ್ತಾರೆ. ಅವರ ಮನೆ ಬಾಗಿಲಿನದು ಮಾತ್ರ ಒಳಗೆಲ್ಲ ಸವೆದು ರಿಪೇರಿಗೂ ನಿಲುಕದ ಬೀಗ. ಹಿಡಿಕೆ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿ ಕೀಲಿ ತಿರುಗಿಸಿದರಷ್ಟೇ ಅದು ಮನಸ್ಸು ಮಾಡುತ್ತದೆ. ಆ ಪಾಡು ನೋಡಿ ನಾನಂತೂ ಅವರ ಮುಖದೆದುರೇ ನಗುತ್ತಿದ್ದೆ.

ಪರದೇಶದಿಂದ ಓದಲು ಬಂದ ಹುಡುಗಿಯೊಬ್ಬಳು ಹೋದ ವರ್ಷವೆಲ್ಲ ಅವರ ಮನೆಯಲ್ಲೇ ಮಗಳಂತೆ ಇದ್ದಳು. ಬಂದ ವಾರದಲ್ಲೇ ಬಾಗಿಲೆತ್ತುವ ವಿದ್ಯೆ ಕಲಿತಿದ್ದಳು. ತನ್ನ ದೇಶಕ್ಕೆ ಹೊರಡುವ ಗಡಿಬಿಡಿಯಲ್ಲಿ ಮನೆಯ ಕೀಲಿ ಅವಳ ಜೇಬಿನಲ್ಲೇ ಉಳಿಯಿತು. "ಅಪ್ಪಾ, ಪೋಸ್ಟಲ್ಲಿ ಕಳಿಸ್ಲಾ?" ಎಂದು ಫೋನಿನಲ್ಲಿ ಕೇಳಿದ್ದಳು.

"ನಿನ್ನ ಹತ್ರಾನೇ ಇರ್ಲಿ ಬಿಡು" ಎಂದಿದ್ದರು ಇವರು.

ನಿನ್ನೆ ಸಂಜೆ ಅವರು ಬೀಗದ ಜೊತೆ ಗುದ್ದಾಡುತ್ತಿದ್ದಾಗ, ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ಕಾದು ನಿಂತ ಅವರ ಹೆಂಡತಿಗೆ ರೇಗಿಹೋಯಿತು.

"ಅಂಗಡಿ ತುಂಬ ಹೊಸ ಬೀಗ ಇದೆ. ಒಂದು ತಂದು ಹಾಕೋಕೆ ನಿಮಗೇನು ಧಾಡಿ?"

"ಹಾಕಿದ್ರೆ ಮಗು ಹತ್ರ ಇರೋ ಕೀಲಿ ಆಗಲ್ವಲ್ಲೇ."

ನಗಲು ಹೊರಟ ನಾನು ಬಾಯಿ ಮುಚ್ಚಿಕೊಂಡೆ. ಆಕೆ ಚೀಲ ಕೆಳಗಿಟ್ಟು, ತಾವೇ ಎರಡೂ ಕೈಯಲ್ಲಿ ಬಾಗಿಲನ್ನು ಎತ್ತಿ ಹಿಡಿದರು.

"ತಿರುಗಿಸಿ. ಹೀಗೆ ಎತ್ತಬೇಕು ಅನ್ನೋದು ಅವಳಿಗೆ ಮರೆತುಹೋಗದಿದ್ರೆ ಸಾಕು."