ಅಕ್ಕನಿಗೆ ಬೇರೆ ಮೂರು ಪದ

ಬೆಳಗಿನ ಐದೂವರೆ. ಅಡುಗೆಮನೆಯ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುತ್ತಿದೆ. ಪ್ರಶ್ನೆಯಮ್ಮ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡುತ್ತಾ ಇವತ್ತಿನ ಪಾಠ ಒಪ್ಪಿಸುತ್ತಿದ್ದಾರೆ. "ನಾನೀಗ ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ." ಕಾಗದದಲ್ಲಿ ಇದ್ದದ್ದನ್ನು ಒಂದಕ್ಷರ ಆಚೀಚೆ ಮಾಡದೆ, ಒಂದೇ ದನಿಯಲ್ಲಿ ಹೇಳಬೇಕು ಎನ್ನುವುದು ಈ ಕೆಲಸದ ಕಟ್ಟುನಿಟ್ಟು. ಮುಂದಿನ ಮಾತು ಬಾಯಿಂದ ಬೀಳುವ ಮೊದಲೇ ಒಳಕೋಣೆಯಿಂದ ಅಕ್ಕನ ದನಿ ಬರುತ್ತದೆ: "ಕುರ್ಚಿ, ನಿಂಬೆಹಣ್ಣು, ಬೀಗ."

ಪ್ರಶ್ನೆಯಮ್ಮ ನಿಂತಲ್ಲೇ ನಿಲ್ಲುತ್ತಾರೆ. ಬಕೆಟ್ಟು ತುಂಬಿ ಹರಿದರೂ ಗಮನವಿಲ್ಲ.

ಪ್ರಶ್ನೆಯಮ್ಮ ಎನ್ನುವ ಹೆಸರು ಬೀದಿಯವರು ಇಟ್ಟದ್ದು. ಮರೆವಿನ ಕಾಯಿಲೆಯವರನ್ನು ಯಾವ ದೇಶ ಹೇಗೆ ನೋಡಿಕೊಳ್ಳುತ್ತಿದೆ, ಸರ್ಕಾರಗಳು ಏನು ಮಾಡಬೇಕು ಎಂದು ಆರು ದೇಶಗಳಲ್ಲಿ ಒಟ್ಟಿಗೆ ಅಧ್ಯಯನ ನಡೆಯುತ್ತಿದೆ. ಅದಕ್ಕಾಗಿ ಮನೆಮನೆ ತಿರುಗಿ ವಯಸ್ಸಾದವರನ್ನು ಮಾತಾಡಿಸಿ ಬರುವುದು ಇವರ ಕೆಲಸ. ಹದಿನಾಲ್ಕು ವರ್ಷದಿಂದ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರೆ. ದಿನಕ್ಕೆ ಆರು ಮನೆ, ಮನೆಗೆ ಮುಕ್ಕಾಲು ಗಂಟೆ, ಮೂವತ್ತು ಅಂಕ. ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು, ಗಡಿಯಾರ ಬರೆಯಿರಿ, ಆಗ ಹೇಳಿದ ಮೂರು ಪದ ಯಾವುವು? ಅಧ್ಯಯನದ ವರದಿ ದಪ್ಪ ಪುಸ್ತಕವಾಗಿ ಬರುತ್ತದೆ. ಅದರಲ್ಲಿ ಪಂಡಿತರ ಹೆಸರುಗಳೇ ಎರಡು ಪುಟ. ಮೆಟ್ಟಿಲು ಹತ್ತಿ ಮಂಡಿ ಸವೆಸಿಕೊಂಡವರ ಹೆಸರು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುವುದಿಲ್ಲ.

ಆದರೂ ಆ ಪುಸ್ತಕಗಳನ್ನು ಇವರು ಬಿಟ್ಟವರಲ್ಲ, ಬಸ್ಸಿನಲ್ಲಿ ನಿಂತೇ ಓದುತ್ತಾರೆ. "ಒಂದು ದೇಶದಲ್ಲಿ ತರಬೇತಿ ಆದೋರು ದಿನಾ ನಾಲ್ಕು ಗಂಟೆ ಮನೆಗೇ ಬರ್ತಾರಂತೆ. ಇನ್ನೊಂದು ಕಡೆ ನೋಡ್ಕೊಳ್ಳೋರಿಗೆ ಸಂಬಳ ಸಮೇತ ರಜಾ ಅಂತೆ. ನಾವು ಇಷ್ಟು ವರ್ಷ ಒಂದು ಕರಪತ್ರ ಕೊಟ್ಟು ಬರ್ತಿದ್ವಿ," ಎಂದು ಚೀಲ ಹೆಗಲಿಗೇರಿಸುತ್ತಾರೆ. ಈ ವರ್ಷ ಇಲ್ಲೂ ಒಂದು ಸವಲತ್ತು ಬಂದಿದೆ. ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಅಂಕ ಬಂದವರ ಮನೆಗೆ ಹಗಲು ಹೊತ್ತು ಸಹಾಯಕಿಯನ್ನು ಕಳಿಸುತ್ತಾರೆ. ಅದಕ್ಕಿಂತ ಜಾಸ್ತಿ ಬಂದರೆ ಮತ್ತದೇ ಕರಪತ್ರ.

ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗಾಗಿದೆ ಈ ಮನೆಯಲ್ಲಿ. ಅಕ್ಕ ಹನ್ನೊಂದು ವರ್ಷ ದೊಡ್ಡವರು, ಹೊಲಿಗೆ ಹೊಲಿದೇ ತಂಗಿಯನ್ನು ಓದಿಸಿದವರು. ಹೋದ ವರ್ಷ ಅವರು ಒಂದು ಅಂಗಿಗೆ ಎರಡೂ ಕಡೆ ಕಾಜಾ ಹೊಲಿದಿಟ್ಟರು, ಗುಂಡಿಗೆ ಜಾಗವೇ ಇರಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಐದು ತಿಂಗಳ ಹಿಂದೆ ಹಾಲು ತರಲು ಹೋದವರು ಬಸ್ ಡಿಪೋದಲ್ಲಿ ಸಿಕ್ಕರು. ಆವತ್ತು ಯಾರೂ ನಗಲಿಲ್ಲ. ಈಗ ಯಾರದೋ ಮನೆಯಲ್ಲಿ ಕೂತಿರುವಾಗ ಫೋನು ಬಡಿದುಕೊಂಡರೆ ಪ್ರಶ್ನೆಯಮ್ಮ ಕೇಳುತ್ತಿದ್ದ ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಹಳೆಯ ನಮೂನೆ ಹಿಡಿದು ತಾವೇ ಅಕ್ಕನನ್ನು ಪರೀಕ್ಷಿಸಿ ನೋಡಿದರು. ಬಂದದ್ದು ಮೂವತ್ತಕ್ಕೆ ಇಪ್ಪತ್ತೆಂಟು! ಬಾರದೇ ಏನು? ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಕೇಳಿ ಕೇಳಿ ಅಕ್ಕನಿಗೆ ಅದು ಗಿಣಿಪಾಠವಾಗಿದೆ. ಆರು ದೇಶದ ಪಂಡಿತರು ಕೂತು ಮಾಡಿದ ಪರೀಕ್ಷೆ ಒಬ್ಬ ಹೊಲಿಗೆಯಾಕೆಯ ಮುಂದೆ ಮಣ್ಣು ಮುಕ್ಕಿತು. ಕಲಿಸಿದವರು ಮಾತ್ರ ಅಡುಗೆಮನೆಯಲ್ಲಿ ತಲೆ ಚಚ್ಚಿಕೊಂಡರು.

ಪ್ರಶ್ನೆಯಮ್ಮ ಕೇಂದ್ರ ಕಚೇರಿಗೆ ಪತ್ರ ಬರೆದರು, ಬೇರೆ ಪದ, ಬೇರೆ ಪ್ರಶ್ನೆ ಕಳಿಸಿ ಎಂದು. ಮೂರು ತಿಂಗಳಿಗೆ ಲಕೋಟೆ ಬಂತು. ಅದನ್ನು ಅವರು ಒಡೆಯಲಿಲ್ಲ. ಓದಿದರೆ ಬಾಯಿ ಸುಮ್ಮನಿರುವುದಿಲ್ಲ, ಬೆಳಿಗ್ಗೆ ಅಡುಗೆಮನೆಯಲ್ಲಿ ಹೊರಬಿದ್ದೇ ಬೀಳುತ್ತದೆ ಎಂದು ಭಯ. ಲಕೋಟೆ ನೇರವಾಗಿ ಸಹೋದ್ಯೋಗಿಯ ಕೈ ಸೇರಿತು. ಈಕೆ ಮೊದಲು ಬಸ್ ಕಂಡಕ್ಟರ್ ಆಗಿದ್ದವರು, ಕಚೇರಿಯಲ್ಲಿ ಈಗಲೂ ಕಂಡಕ್ಟರ್ ಎಂದೇ ಕರೆಯುತ್ತಾರೆ. ಈ ಕೆಲಸ ಕಲಿತದ್ದು ಪ್ರಶ್ನೆಯಮ್ಮನ ಹತ್ತಿರ.

ಇವತ್ತು ಹತ್ತು ಗಂಟೆಗೆ ಕಂಡಕ್ಟರ್ ಬರುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಮನೆಯವರು ಹೊರಗಿರಬೇಕು. ಪ್ರಶ್ನೆಯಮ್ಮ ಮೂರು ಮಹಡಿ ಇಳಿಯುತ್ತಾರೆ, ಹತ್ತುತ್ತಾರೆ, ಮತ್ತೆ ಇಳಿಯುತ್ತಾರೆ. "ಪಾಸಾದ್ರೆ ಸಹಾಯ ಸಿಗಲ್ಲ. ಫೇಲಾದ್ರೆ ಅಕ್ಕ ಸಿಗಲ್ಲ. ಏನಂತ ಬೇಡ್ಕೊಳ್ಳಲಿ, ಹೇಳಿ?" ಎಂದು ಮೆಟ್ಟಿಲಲ್ಲಿ ಸಿಕ್ಕ ನೆರೆಯವರನ್ನು ಕೇಳುತ್ತಾರೆ. ಮುಕ್ಕಾಲು ಗಂಟೆ ಕಳೆಯುತ್ತದೆ. ಒಂದು ಗಂಟೆಯೂ ಆಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಏನರ್ಥ ಎಂದು ಇವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕೊನೆಗೆ ಬಾಗಿಲು ತೆರೆಯುತ್ತದೆ. ಮೊದಲು ಬರುವುದು ಅಕ್ಕನೇ, ಮುಖ ತುಂಬ ಕನಿಕರ. "ಪಾಪ, ಇವಳಿಗೆ ಪ್ರಶ್ನೆಯೇ ಸರಿಯಾಗಿ ಗೊತ್ತಿಲ್ಲ ಕಣೇ. ನಿಂಬೆಹಣ್ಣೂ ಕೇಳಲಿಲ್ಲ, ಬೀಗಾನೂ ಕೇಳಲಿಲ್ಲ. ನೀನೇ ಸ್ವಲ್ಪ ಹೇಳಿಕೊಡು."

ಪ್ರಶ್ನೆಯಮ್ಮ ಅಕ್ಕನ ಕೈ ಹಿಡಿದುಕೊಂಡು ಕಂಡಕ್ಟರ್ ಕಡೆ ನೋಡುತ್ತಾರೆ. ಅಂಕವನ್ನು ಮನೆಯವರಿಗೆ ಹೇಳಬಾರದು, ಕೇಳಿದರೆ ವೈದ್ಯರ ಪತ್ರಕ್ಕೆ ಕಾಯಿರಿ ಎಂದಷ್ಟೇ ಹೇಳಬೇಕು ಎನ್ನುವುದು ನಿಯಮ. ಹದಿನಾಲ್ಕು ವರ್ಷದಲ್ಲಿ ಎಷ್ಟೋ ಮಕ್ಕಳು, ಸೊಸೆಯಂದಿರು ಇವರ ಕೈ ಹಿಡಿದು ಬೇಡಿದ್ದಾರೆ. ಒಬ್ಬ ಅಳಿಯ ಬಸ್ ನಿಲ್ದಾಣದವರೆಗೂ ಬೆನ್ನು ಬಿದ್ದಿದ್ದ. ಇವರು ಒಬ್ಬರಿಗೂ ಬಾಯಿ ಬಿಟ್ಟಿಲ್ಲ. ಆದರೂ ಈಗ ಕೇಳುತ್ತಾರೆ, "ಎಷ್ಟು ಬಂತು?"

ಕಂಡಕ್ಟರ್ ಕಣ್ಣು ಒದ್ದೆಯಾಗಿದೆ, ದನಿ ಮಾತ್ರ ಅಲುಗುವುದಿಲ್ಲ. "ವೈದ್ಯರ ಪತ್ರ ಬರುತ್ತೆ. ಹದಿನೈದು ದಿನ ಕಾಯಿರಿ."

ಅವರು ಮೆಟ್ಟಿಲಿಳಿದು ಹೋಗುವವರೆಗೆ ಪ್ರಶ್ನೆಯಮ್ಮ ಕಂಬಿ ಹಿಡಿದು ನಿಂತಿರುತ್ತಾರೆ. ಇವತ್ತಿನ ಆರು ಮನೆ ಇನ್ನೂ ಹಾಗೇ ಬಾಕಿ ಇವೆ. ಚೀಲ ತೆಗೆದುಕೊಳ್ಳುತ್ತಾ ಅಕ್ಕನಿಗೆ ಹೇಳುತ್ತಾರೆ, "ಅವಳು ಒಂದಕ್ಷರ ಆಚೀಚೆ ಮಾಡಲಿಲ್ಲ, ನೋಡಿದ್ಯಾ? ನಾನೇ ಕಲಿಸಿದ್ದು."