ಪಶುವೈದ್ಯನ ಜಡೆವಿದ್ಯೆ

ಮನೆಯಲ್ಲಿ ನಾವು ಮೂವರಿದ್ದರೂ ನಮ್ಮ ದಿನಚರಿಯನ್ನು ನಿರ್ಧರಿಸುವುದು ಮಗಳ ಶಾಲೆಯ ವಾಟ್ಸಾಪ್ ಗುಂಪು. ಊಟಕ್ಕೆ ಕೂತಾಗಲೇ ಅದು ಟಿಣ್ ಎನ್ನುತ್ತದೆ: ನಾಳೆ ಹಳದಿ ಅಂಗಿ, ನಾಡಿದ್ದು ಬಗೆಬಗೆಯ ಎಲೆ, ಶನಿವಾರ ಮಗು ಟೊಮೆಟೊ ವೇಷದಲ್ಲಿ ಬರಬೇಕು. ಯುಕೆಜಿಯಲ್ಲಿ ಕಲಿಯುವುದು ಕೂಸು, ಪರೀಕ್ಷೆ ಮಾತ್ರ ಪಾಲಕರಿಗೆ. ಗೋಳಗುಮ್ಮಟದ ಆಸುಪಾಸಿನಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ದಿಕ್ಕೆಟ್ಟವರಂತೆ ಅಲೆಯುವ ಸಭ್ಯ ಗೃಹಸ್ಥರು ಕಂಡರೆ ಪ್ರವಾಸಿಗರೆಂದು ಭಾವಿಸಬೇಡಿ. ಕೆಂಪು ಕಾಗದ ಹುಡುಕುತ್ತಿರುವ ನಮ್ಮ ಗುಂಪಿನವರೇ ಅವರು.

ಇಂಥ ಆಜ್ಞೆಗಳನ್ನೆಲ್ಲ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಹೆಂಡತಿಯೇ ಶಿರಸಾವಹಿಸಿ ಪಾಲಿಸುತ್ತಿದ್ದಳು. ನಾನು ತಿಕೋಟಾದ ಪಶುವೈದ್ಯ. ದನಕರುಗಳಿಗೆ ಭಾನುವಾರವೆಂಬುದು ಗೊತ್ತಿಲ್ಲ ಎಂಬ ನೆಪ ಸದಾ ಜೇಬಿನಲ್ಲಿರುತ್ತಿತ್ತು. ಕಳೆದ ತಿಂಗಳು ಬಂದ ಸಂದೇಶ ಆ ಜೇಬಿಗೇ ಕತ್ತರಿ ಹಾಕಿತು. ಶುಕ್ರವಾರ ಹನ್ನೊಂದಕ್ಕೆ ಅಪ್ಪಂದಿರು ಮಕ್ಕಳಿಗೆ ಜಡೆ ಹಾಕುವ ಸ್ಪರ್ಧೆ, ಅಮ್ಮಂದಿರಿಗೆ ಪ್ರವೇಶವಿಲ್ಲ.

"ನಮ್ಮಪ್ಪಗ ಎಲ್ಲಾ ಬರ್ತೈತಿ ಅಂತ ಟೀಚರ್‌ಗೆ ಹೇಳೇನಿ. ನೀ ಬರಾಕ ಬೇಕ ನೋಡು," ಎಂದಳು ಮಗಳು.

ಸರ್ವಜ್ಞನೆಂಬ ಕೀರ್ತಿ ಸುಲಭವಾಗಿ ಬರುತ್ತದೆ, ಉಳಿಸಿಕೊಳ್ಳಲು ಅಭ್ಯಾಸ ಬೇಕು. ಹೆಂಡತಿ ತನ್ನ ಕೂದಲನ್ನು ಈ ವಿದ್ಯಾರ್ಜನೆಗೆ ಒಪ್ಪಿಸಲು ಸಿದ್ಧಳಿರಲಿಲ್ಲ. ಮರುದಿನ ಜ್ವರವೆಂದು ಆಸ್ಪತ್ರೆಗೆ ಬಂದ ಎಮ್ಮೆಗೆ ಸೂಜಿ ಚುಚ್ಚಿದ ಮೇಲೆ, ಅದರ ಬಾಲದ ತುದಿಯ ಕೂದಲು ಕಣ್ಣಿಗೆ ಬಿತ್ತು. ಮೂರು ಭಾಗ ಮಾಡಿ ಮೆಲ್ಲಗೆ ಹೆಣೆಯತೊಡಗಿದೆ. ಎಮ್ಮೆಯ ಯಜಮಾನರು, ನಿಡೋಣಿಯ ಹಿರಿಯರೊಬ್ಬರು, ಬಗ್ಗಿ ಬಾಲವನ್ನೇ ನೋಡಿದರು.

"ಸಾಹೇಬ್ರ, ಸೂಜಿ ಗೊತ್ತೈತ್ರಿ. ಇದ್ಯಾವ ಜ್ವರದ ಇಲಾಜ್ರಿ?"

ಹೊಸ ಪದ್ಧತಿ ಎಂದೆ, ಪದವಿಗೆ ತಕ್ಕ ಗಾಂಭೀರ್ಯದಿಂದ. ಎಮ್ಮೆಯ ಜ್ವರ ಸೂಜಿಯಿಂದಲೇ ಇಳಿಯಿತು. ಹೆಸರು ಮಾತ್ರ ಜಡೆಗೆ ಬಂತು. ಎರಡು ದಿನ ಬಿಟ್ಟು ಇನ್ನಿಬ್ಬರು ತಮ್ಮ ಎಮ್ಮೆಗೂ ಅದೇ ಇಲಾಜು ಆಗಲೆಂದು ಹಟ ಹಿಡಿದು ನಿಂತರು. ನನ್ನ ಕೈ ಪಳಗಿದ್ದು ಅವರ ಕೃಪೆಯಿಂದ.

ಶುಕ್ರವಾರ ಬೆಳಿಗ್ಗೆ ಬಿಜ್ಜರಗಿಯಿಂದ ಫೋನ್ ಬಂತು. ಈಯುತ್ತಿದ್ದ ಕುರಿಯೊಂದಕ್ಕೆ ಮರಿ ಹೊಟ್ಟೆಯಲ್ಲೇ ಅಡ್ಡವಾಗಿತ್ತು. ಬಿಟ್ಟು ಬರುವಂತಿರಲಿಲ್ಲ. ಅಂತೂ ಮರಿ ನೆಲಕ್ಕಿಳಿದು ಬ್ಯಾ ಎಂದಿತು, ನಾನು ಕೈ ತೊಳೆದು ಬೈಕ್ ಏರಿದೆ. ಶಾಲೆ ಮುಟ್ಟುವಷ್ಟರಲ್ಲಿ ಉಳಿದ ಅಪ್ಪಂದಿರು ಅರ್ಧ ಜಡೆ ಮುಗಿಸಿದ್ದರು. ಸಾಲಿನ ಕೊನೆಯ ಪುಟ್ಟ ಕುರ್ಚಿಯಲ್ಲಿ ನನ್ನ ಮಗಳು ಕೂದಲು ಹರಡಿಕೊಂಡು ಗೇಟನ್ನೇ ನೋಡುತ್ತಿದ್ದಳು. ಟೀಚರ್ ಬಾಚಣಿಗೆ ಹಿಡಿದು ನಿಂತಿದ್ದರು; ಅವರಿಗೆ ತಲೆ ಮುಟ್ಟಲು ಅವಳು ಬಿಟ್ಟಿರಲಿಲ್ಲವಂತೆ.

"ನಾ ಹೇಳಿದ್ನಿಲ್ಲೋ ಟೀಚರ್! ನಮ್ಮಪ್ಪ ಬಂದಾನ!"

ಟೀಚರ್ ಕೈಯಿಂದ ಬಾಚಣಿಗೆ ಇಸಿದುಕೊಂಡೆ. ಮಗಳ ಹಿಂದೆ ಮಂಡಿಯೂರಿದೆ. ಅರೆಕ್ಷಣದಲ್ಲಿ ಅವಳು ಮೂಗು ಮುಚ್ಚಿಕೊಂಡು, "ಅಪ್ಪಾ, ನಿನ್ನ ಕೈ ಕುರಿ ವಾಸನಿ ಹೊಡ್ಯಾಕತ್ತಾವ," ಎಂದು ಇಡೀ ಸಭೆಗೆ ಸಾರಿದಳು. ಜಡೆ ತಕ್ಕಮಟ್ಟಿಗೆ ಬಂತು. ರಿಬ್ಬನ್ ಕಟ್ಟುವಾಗ ಮಾತ್ರ ನನ್ನ ಬೆರಳುಗಳು ರೂಢಿಬಲದಿಂದ ಗಾಯಕ್ಕೆ ಹೊಲಿಗೆ ಹಾಕುವ ಗಂಟನ್ನೇ ಬಿಗಿದುಬಿಟ್ಟವು. ಬಹುಮಾನ ಬರಲಿಲ್ಲ, ಗಂಟು ಬಿಚ್ಚಲೂ ಬರಲಿಲ್ಲ.

ಸಂಜೆ ಹೆಂಡತಿ ರಿಬ್ಬನ್ ಕತ್ತರಿಸಲು ಹೊರಟಾಗ ಮಗಳು ಜಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನನ್ನ ಬಳಿ ಓಡಿ ಬಂದಳು.

"ಅಪ್ಪಾ, ನಾಳೇನೂ ಸ್ಪರ್ಧಾ ಐತೇನು?"

ಸ್ಪರ್ಧೆಯಿದ್ದರೆ ಮಾತ್ರ ಅಪ್ಪ ಸಿಗುತ್ತಾನೆಂದು ಅವಳು ಲೆಕ್ಕ ಹಾಕಿದ್ದಳು. ನನಗೆ ಸಂಕಟವಾಯಿತು.

"ಐತವ್ವಾ. ದಿನಾ ಐತಿ," ಎಂದೆ.

ಅಂದಿನಿಂದ ನಾನು ತಿಕೋಟಾಕ್ಕೆ ಹೊರಡುವ ಮುನ್ನ ನಮ್ಮ ಪಡಸಾಲೆಯಲ್ಲಿ ಸ್ಪರ್ಧೆ ತಪ್ಪದೆ ನಡೆಯುತ್ತದೆ. ಸ್ಪರ್ಧಿ ನಾನೊಬ್ಬನೇ. ಆದರೂ ನಿರ್ಣಾಯಕಿ ನಿನ್ನೆಯವರೆಗೂ ನನಗೆ ಎರಡನೇ ಬಹುಮಾನವನ್ನೇ ಕೊಡುತ್ತ ಬಂದಿದ್ದಾಳೆ.